ಮಳೆಗಾಲದಲ್ಲೂ ಬೀಳದ ಬ್ರಿಡ್ಜ್: ಕೊಪ್ಪದ ಕಡೆಯ ತೋಟವೊಂದರಲ್ಲಿ ನನ್ನ ಅನುಭವ

ಕೊಪ್ಪ–ಶೃಂಗೇರಿ ಕಡೆಯ ಕಾಫಿ ಮತ್ತು ಅಡಿಕೆ ತೋಟವೊಂದರಲ್ಲಿ ನಾನು ಸರಿಪಡಿಸಿಕೊಟ್ಟ ವೈರ್‌ಲೆಸ್ ಬ್ರಿಡ್ಜ್ (ತಂತಿಯಿಲ್ಲದೆ ರೇಡಿಯೋ ಅಲೆಗಳ ಮೂಲಕ ಇಂಟರ್‌ನೆಟ್ ದಾಟಿಸುವ ಕೊಂಡಿ), ಕರೆಂಟು ಹೋಗಿ ಬ್ಯಾಟರಿಯೂ ಬರಿದಾದ ಹೊತ್ತನ್ನು ಬಿಟ್ಟರೆ, ಕಳೆದ ಮಳೆಗಾಲವಿಡೀ ನಿಲ್ಲದೆ ನಡೆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆ ಎಂಥದೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಇದೇ ಕಸುಬಿನ ಹಿರಿಯರೊಬ್ಬರು ಆ ಜಾಗವನ್ನು ನೋಡಿ, "ಮಳೆ ಹಿಡಿದ ಮೇಲೆ ಇದೆಲ್ಲ ನಡೆಯೋದಲ್ಲ ಮಾರಾಯ್ರೆ, ಸುಮ್ಮನೆ ಫೈಬರ್ ಎಳೆಸಿ" ಎಂದು ತೋಟದ ಯಜಮಾನರಿಗೆ ಹೇಳಿಹೋಗಿದ್ದರು. ಫೈಬರ್ ಎಳೆಯಲು ಕಂಬ, ಕೂಲಿ ಎಲ್ಲ ಸೇರಿ ಒಂದೂವರೆ ಲಕ್ಷದ ಆಸುಪಾಸಿನ ಅಂದಾಜು ಬಂದಿತ್ತು. ಮರ ಬಿದ್ದಾಗಲೆಲ್ಲ ಅದನ್ನು ಮತ್ತೆ ಜೋಡಿಸುವ ಖರ್ಚು ಅದರಲ್ಲಿ ಸೇರಿರಲಿಲ್ಲ.

ಜಾಗದ ರಚನೆ ಹೀಗಿದೆ. ಫೈಬರ್ ಸಂಪರ್ಕ ಬರುವುದು ರಸ್ತೆ ಬದಿಯ ಮನೆಗೆ. ಅಲ್ಲಿಂದ ಗುಡ್ಡದ ನೆತ್ತಿಗೆ ಸುಮಾರು 2.2 ಕಿಲೋಮೀಟರ್, ನೆತ್ತಿಯಿಂದ ಕೆಳಗಿನ ತೋಟದ ಮನೆಗೆ ಇನ್ನೊಂದು 700–800 ಮೀಟರ್. ಈ ಎರಡೂ ಹಾಪ್‌ಗಳು, ಅಂದರೆ ಜಿಗಿತಗಳು, 5.8 ಗಿಗಾಹರ್ಟ್ಜ್‌ನಲ್ಲಿವೆ. ನೆತ್ತಿಯ ಎರಡು ರೇಡಿಯೋಗಳಿಗೆ ನೀರಿನ ಟ್ಯಾಂಕಿನ ಪಕ್ಕದ ಶೆಡ್ಡಿನಿಂದ 70 ಮೀಟರಿನಷ್ಟು ಕೇಬಲ್ಲಿನಲ್ಲಿ ಪಿಓಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವ ವಿಧಾನ) ಮೂಲಕ 24 ವೋಲ್ಟ್ ಹೋಗುತ್ತದೆ. ತೋಟದ ಮನೆ, ಹೋಮ್‌ಸ್ಟೇ ಕೋಣೆಗಳು, ಅಡಿಕೆ ಸುಲಿಯುವ ಮನೆ ಈ ಮೂರು ಕಡೆ ವೈಫೈ ಹರಡುವ ಒಂದೊಂದು ಆಕ್ಸೆಸ್ ಪಾಯಿಂಟ್ ಇದೆ.

ನಾನು ಹೋಗುವ ಮೊದಲೇ ಯಜಮಾನರು ಐವತ್ತು ಸಾವಿರಕ್ಕೂ ಹೆಚ್ಚು ಕಳೆದುಕೊಂಡಿದ್ದರು. ನೆಟ್ ಹೋದಾಗಲೆಲ್ಲ ಬಂದವರು ಸಿಗ್ನಲ್ ಸಾಲದೆಂದು ದೊಡ್ಡ ಡಿಶ್ ಹಾಕಿಸಿದ್ದರು, ಆಮೇಲೆ ರೇಡಿಯೋ ಬದಲಿಸಿದ್ದರು, ಕೊನೆಗೆ ಆಕ್ಸೆಸ್ ಪಾಯಿಂಟುಗಳನ್ನೂ ಹೊಸದಾಗಿ ತರಿಸಿದ್ದರು. ಇಷ್ಟಾದರೂ ಯಾವ ಕೊಂಡಿ ಮೊದಲು ಬೀಳುತ್ತದೆ ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ.

ನಾನು ಮೊದಲು ಮಾಡಿದ್ದು ಅಷ್ಟನ್ನೇ. ರಸ್ತೆ ಮನೆಯಲ್ಲಿ ಒಂದು, ತೋಟದ ಮನೆಯಲ್ಲಿ ಒಂದು, ಹೀಗೆ ಎರಡು ಹಳೆಯ ಮೈಕ್ರೋಟಿಕ್ ಕಂಪನಿಯ ರೌಟರ್‌ಗಳನ್ನಿಟ್ಟು, ಅವುಗಳಲ್ಲಿರುವ ನೆಟ್‌ವಾಚ್ ಎಂಬ ಕಾವಲು ಸಲಕರಣೆಯಲ್ಲಿ ನಾಲ್ಕು ರೇಡಿಯೋ, ಮೂರು ಆಕ್ಸೆಸ್ ಪಾಯಿಂಟ್, ಮುಖ್ಯ ರೌಟರ್ ಮತ್ತು ಹೊರಗಿನ ಒಂದು ವಿಳಾಸವನ್ನು ನಿಮಿಷಕ್ಕೊಮ್ಮೆ ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ಕೇಳಿ) ದಾಖಲಿಸುವಂತೆ ಹೊಂದಿಸಿದೆ. ಒಂದೇ ತುದಿಯಿಂದ ನೋಡಿದರೆ ಮುರಿದ ಕೊಂಡಿಯ ಆಚೆಗಿರುವುದೆಲ್ಲ ಸತ್ತಂತೆಯೇ ಕಾಣುವುದರಿಂದ ಎರಡೂ ತುದಿಯಲ್ಲಿ ಕಾವಲಿಡುವುದು ಅನಿವಾರ್ಯ. ಈ ಎರಡನ್ನೂ ಇನ್ವರ್ಟರ್ ಮೇಲೆಯೇ ಇಡಬೇಕು; ಇಲ್ಲವಾದರೆ ಕರೆಂಟು ಹೋದಾಗ ದಾಖಲೆಯೂ ನಿಂತು, ನಮಗೆ ಬೇಕಾದ ಗಳಿಗೆಯೇ ಕೈತಪ್ಪುತ್ತದೆ.

ಎರಡು ವಾರಗಳ ದಾಖಲೆಯನ್ನು ರೇಡಿಯೋಗಳ ಅಪ್‌ಟೈಮ್ (ಆನ್ ಆಗಿ ಎಷ್ಟು ಹೊತ್ತಾಯಿತೆಂಬ ಲೆಕ್ಕ) ಜೊತೆ ಹೋಲಿಸಿದಾಗ ವಿಷಯ ತಿಳಿಯಾಯಿತು. ಅಪ್‌ಟೈಮ್ ಸೊನ್ನೆಯಿಂದ ಮತ್ತೆ ಶುರುವಾಗಿದ್ದರೆ ತೊಂದರೆ ವಿದ್ಯುತ್ತಿನದು, ಅಪ್‌ಟೈಮ್ ಮುಂದುವರಿದು ಲಿಂಕ್ ಮಾತ್ರ ಕಡಿದಿದ್ದರೆ ರೇಡಿಯೋ ಅಲೆ ಸಾಗುವ ಹಾದಿಯದು, ಅಪ್‌ಟೈಮ್ ಮತ್ತು ಲಿಂಕ್ ಎರಡೂ ಸರಿಯಿದ್ದು ಫೋನುಗಳಿಗೆ ಮಾತ್ರ ನೆಟ್ ಇಲ್ಲವಾದರೆ ಅದು ವಿಳಾಸಗಳ ಅಥವಾ ಬ್ರಿಡ್ಜ್ ಹೊಂದಾಣಿಕೆಯ ಗೋಜಲು. ಈ ತೋಟದಲ್ಲಿ ಮೂರೂ ಇದ್ದವು. ಒಂದನ್ನು ಸರಿಪಡಿಸಿದವರಿಗೆ ಇನ್ನೆರಡು ಕಾಟ ಕೊಡುತ್ತಿದ್ದುದರಿಂದ, ಮಾಡಿದ ಸರಿಯಾದ ಕೆಲಸವೂ ವ್ಯರ್ಥವೆಂಬಂತೆ ಕಂಡಿತ್ತು.

ನೆತ್ತಿಯ ರೇಡಿಯೋದ ಲಾಗ್ ಪದೇಪದೇ 1970ರ ಜನವರಿ 1ಕ್ಕೆ ಹೋಗುತ್ತಿತ್ತು. ಗಡಿಯಾರದ ಬ್ಯಾಟರಿಯಿಲ್ಲದ ಈ ರೇಡಿಯೋಗಳು ಮರುಪ್ರಾರಂಭವಾದೊಡನೆ ಆ ದಿನಾಂಕ ತೋರಿಸುತ್ತವೆ, ಎನ್‌ಟಿಪಿ (ಜಾಲದಿಂದ ಸರಿಯಾದ ಸಮಯ ಪಡೆಯುವ ವ್ಯವಸ್ಥೆ) ಸಿಕ್ಕಿದ ಮೇಲೆ ಸರಿಹೋಗುತ್ತವೆ. ಅಂದರೆ ಅದು ದಿನಕ್ಕೆ ಹಲವು ಸಲ ಸತ್ತು ಹುಟ್ಟುತ್ತಿತ್ತು. ಶೆಡ್ಡಿನಲ್ಲಿ ಅಡಾಪ್ಟರ್ 24 ವೋಲ್ಟ್ ಕೊಡುತ್ತಿದ್ದರೂ ಮೇಲೆ, ರೇಡಿಯೋ ಓಡುತ್ತಿರುವಾಗಲೇ ಅಳೆದರೆ 17ರ ಹತ್ತಿರ ಸಿಕ್ಕಿತು. ಲೋಡ್ ಇಲ್ಲದೆ, ಅಂದರೆ ರೇಡಿಯೋ ಜೋಡಿಸದೆ, ಅಳೆದರೆ ಇದು ಎಂದೂ ಕಾಣುವುದಿಲ್ಲ. ಹಿಂದಿನವರ ಮೀಟರಿಗೆ 24 ಕಂಡಿದ್ದರೆ ಅದಕ್ಕೆ ಕಾರಣ ಇದೇ. ಹಾಕಿದ್ದ ಕೇಬಲ್ ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿದ್ದವು, ಈಥರ್ನೆಟ್ ಪೋರ್ಟ್ 100 ಎಂಬಿಪಿಎಸ್‌ನಿಂದ ಆಗಾಗ 10ಕ್ಕೆ ಇಳಿಯುತ್ತಿತ್ತು. ಶುದ್ಧ ತಾಮ್ರದ ಹೊರಾಂಗಣ ಕೇಬಲ್ ಎಳೆದದ್ದಕ್ಕೆ, ನೆನಪಿನಿಂದ ಹೇಳುವುದಾದರೆ, ಐದು ಸಾವಿರದಷ್ಟಾಯಿತು. ಮೇಲಿನ ಓಲ್ಟೇಜ್ 22ರ ಮೇಲೆ ನಿಂತಿತು. ಕೇಬಲ್ ರೇಡಿಯೋಗೆ ಸೇರುವ ಮುನ್ನ, ಮಳೆನೀರು ಒಳಹೋಗದಂತೆ, ಕೆಳಮುಖವಾಗಿ ಒಂದು ಸುತ್ತು ಬಿಡಬೇಕೆಂಬುದು ಎಲ್ಲರಿಗೂ ಗೊತ್ತು. ಕನೆಕ್ಟರಿನ ಒಳಗೆ ನಾನು ಏನನ್ನು ಎಷ್ಟು ತುಂಬುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಹಲವು ವರ್ಷಗಳ ಗಳಿಕೆ, ನನ್ನ ಅನ್ನದ ಮಾತು.

ಆಮೇಲೆ ಉಳಿದದ್ದು ಮಳೆಯ ಹೊತ್ತಿನ ಕಡಿತ. ಮಾರ್ಚ್‌ನಲ್ಲಿ ಮೈನಸ್ 58 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ) ಇದ್ದ ಸಿಗ್ನಲ್, ದುರಸ್ತಿಗೆ ಮೊದಲಿನ ಜುಲೈನಲ್ಲಿ ಮೈನಸ್ 74ಕ್ಕೆ ಕುಸಿದಿತ್ತು. 5.8 ಗಿಗಾಹರ್ಟ್ಜ್‌ನಲ್ಲಿ, ಇಷ್ಟು ಕಡಿಮೆ ದೂರದಲ್ಲಿ, ಜಡಿಮಳೆಯೂ ಸಾಮಾನ್ಯವಾಗಿ ಒಂದೆರಡು ಡಿಬಿಗಿಂತ ಹೆಚ್ಚು ತಿನ್ನುವುದಿಲ್ಲ. ಹದಿನಾರು ಡಿಬಿಯನ್ನು ಮಳೆಹನಿಯ ತಲೆಗೆ ಕಟ್ಟುವುದು ಅನ್ಯಾಯ. ತಿನ್ನುತ್ತಿದ್ದುದು ಹಾದಿಯ ನಡುವಿನ ಸಿಲ್ವರ್ ಓಕ್‌ಗಳ ತೊಯ್ದ ತುದಿಗಳು. ಕಣ್ಣಿಗೆ ನೇರ ನೋಟ ಸಿಗುತ್ತದೆಂದು ಹಿಂದಿನವರು ತೃಪ್ತರಾಗಿದ್ದರು, ಆದರೆ 2.2 ಕಿಲೋಮೀಟರ್ ಹಾದಿಯ ನಡುಮಧ್ಯದಲ್ಲಿ ಫ್ರೆನೆಲ್ ವಲಯದ (ನೇರ ನೋಟದ ಗೆರೆಯ ಸುತ್ತ ರೇಡಿಯೋ ಅಲೆಗೆ ಬೇಕಾದ ಜಾಗದ) ತ್ರಿಜ್ಯವೇ ಐದು ಮೀಟರಿಗಿಂತ ಹೆಚ್ಚು, ಅದರ ಶೇ. 60ರಷ್ಟು, ಅಂದರೆ ಮೂರು ಮೀಟರಿಗೂ ಮಿಕ್ಕಿ, ಖಾಲಿ ಇರಲೇಬೇಕು. ಡಿಶ್ ದೊಡ್ಡದು ಮಾಡಿದ್ದರಿಂದ ಈ ವಲಯ ಒಂದಿಂಚೂ ಚಿಕ್ಕದಾಗುವುದಿಲ್ಲ. ಯಜಮಾನರ ಜೊತೆ ಮಾತಾಡಿ, ತೋಟದಲ್ಲಿ ಹೇಗೂ ನಡೆಯುವ ಮರಗಸಿಯ (ನೆರಳುಮರಗಳ ಕೊಂಬೆ ಕಡಿಯುವ ಕೆಲಸದ) ಹೊತ್ತಿಗೆ ಆ ಏಳೆಂಟು ಮರಗಳನ್ನು ಸ್ವಲ್ಪ ಹೆಚ್ಚು ಕೆಳಗೆ ಕಡಿಸಿದೆವು, ರೇಡಿಯೋ ಕಟ್ಟಿದ ಕಂಬವಾದ ಮಾಸ್ಟನ್ನು ಹತ್ತಡಿಯಷ್ಟು ಎತ್ತರಿಸಿದೆವು. ಕಾಳುಮೆಣಸಿನ ಬಳ್ಳಿಗೆ ಪೆಟ್ಟಾಗದಂತೆ ಕಡಿಯುವವರು ಸಿಗುವುದೇ ಕಷ್ಟ, ಅವರ ಕೂಲಿಯೇ ಮೂರು ಸಾವಿರ ದಾಟಿತು. ಈಗ ಜಡಿಮಳೆಯಲ್ಲೂ ಮೈನಸ್ 63ರ ಆಸುಪಾಸಿನಲ್ಲಿದೆ.

ಚಾನೆಲ್ ಅಗಲವನ್ನೂ (ಲಿಂಕ್ ಬಳಸುವ ತರಂಗಪಟ್ಟಿಯ ಅಗಲ) 40 ಮೆಗಾಹರ್ಟ್ಜ್‌ನಿಂದ 20ಕ್ಕೆ ಇಳಿಸಿದೆ. ವೇಗ ಬೇಕೆನ್ನುವವರು ಇದನ್ನು ಒಪ್ಪುವುದಿಲ್ಲ, ಆದರೆ ಅಗಲ ಅರ್ಧವಾದಾಗ ಗದ್ದಲ 3 ಡಿಬಿ ಇಳಿಯುತ್ತದೆ ಮತ್ತು 60–70 ಎಂಬಿಪಿಎಸ್ ಆ ಮನೆಗೆ ಧಾರಾಳ. ಮಂಜಿನಲ್ಲಿ ಎದುರಿನ ಗುಡ್ಡವೇ ಕಾಣದಿರುವಾಗ ಡಿಶ್ ಗುರಿ ಹೊಂದಿಸುವ ನನ್ನ ರೀತಿಯನ್ನೂ ಇಲ್ಲಿ ಹೇಳಲಾರೆ. ದಿಕ್ಸೂಚಿಯೊಂದೇ ಸಾಲದು ಎಂದಷ್ಟೇ ಹೇಳುತ್ತೇನೆ.

ಮೂರನೆಯ ತೊಂದರೆ ಎಲ್ಲಕ್ಕಿಂತ ಹೆಚ್ಚು ಸಮಯ ತಿಂದಿತು. ಹೋಮ್‌ಸ್ಟೇಯ ಅತಿಥಿಗಳ ಫೋನುಗಳು ವೈಫೈಗೆ ಸೇರುತ್ತಿದ್ದವು, ನೆಟ್ ಮಾತ್ರ ಕೆಲವರಿಗೆ ಬರುತ್ತಿತ್ತು, ಕೆಲವರಿಗಿಲ್ಲ. ಮುಖ್ಯ ರೌಟರಿನ ಆರ್ಪ್ ಪಟ್ಟಿ (ಯಾವ ಐಪಿ ಯಾವ ಸಾಧನದ್ದೆಂಬ ಪಟ್ಟಿ) ತೆರೆದರೆ ಹತ್ತಾರು ಐಪಿಗಳ ಎದುರು ಒಂದೇ ಮ್ಯಾಕ್ ವಿಳಾಸವಿತ್ತು; ಮ್ಯಾಕ್ ಎಂದರೆ ಪ್ರತಿ ಸಾಧನದ ಸ್ವಂತ ಗುರುತು. ಬದಲಿಸಿದ ರೇಡಿಯೋವನ್ನು ಡಬ್ಲ್ಯುಡಿಎಸ್ (ಹಿಂದಿನ ಸಾಧನಗಳ ಮ್ಯಾಕ್ ಅನ್ನು ಹಾಗೆಯೇ ದಾಟಿಸುವ ಹೊಂದಾಣಿಕೆ) ಇಲ್ಲದೆ ಬರಿಯ ಸ್ಟೇಷನ್, ಅಂದರೆ ಸಾಮಾನ್ಯ ಗ್ರಾಹಕ ಸಾಧನ, ಆಗಿ ಇಟ್ಟಿದ್ದರಿಂದ ಅದು ತನ್ನ ಹಿಂದಿರುವ ಎಲ್ಲ ಸಾಧನಗಳ ಮ್ಯಾಕ್ ಅನ್ನು ಮರೆಮಾಡಿ ತನ್ನದನ್ನೇ ಮುಂದಿಡುತ್ತಿತ್ತು, ಡಿಎಚ್‌ಸಿಪಿ (ಫೋನುಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ಉತ್ತರಗಳು ದಾರಿ ತಪ್ಪುತ್ತಿದ್ದವು. ಎರಡೂ ತುದಿಯಲ್ಲಿ ಡಬ್ಲ್ಯುಡಿಎಸ್ ಹಾಕಿದೊಡನೆ ಪ್ರತಿಯೊಂದು ಫೋನಿನ ಮ್ಯಾಕ್ ಬೇರೆಬೇರೆಯಾಗಿ ಕಂಡಿತು. ಆದರೂ ಒಂದು ಕೋಣೆಯಲ್ಲಿ ಮಾತ್ರ ತೊಂದರೆ ಉಳಿದಿತ್ತು. ಅಲ್ಲಿನ ಫೋನುಗಳಿಗೆ 192.168.0 ಸರಣಿಯ ವಿಳಾಸ ಸಿಗುತ್ತಿತ್ತು, ನಮ್ಮ ಜಾಲವಿದ್ದದ್ದು 192.168.10ರಲ್ಲಿ. ಆಕ್ಸೆಸ್ ಪಾಯಿಂಟ್ ಆಗಿ ಬಳಸಿದ್ದ ಹಳೆಯ ರೌಟರೊಂದನ್ನು ಯಾರೋ ರಿಸೆಟ್ ಮಾಡಿದ್ದರಿಂದ ಅದರ ಡಿಎಚ್‌ಸಿಪಿ ಮತ್ತೆ ಜೀವ ಪಡೆದು, ಯಾರ ಉತ್ತರ ಮೊದಲು ತಲುಪುತ್ತದೋ ಆ ವಿಳಾಸ ಫೋನಿಗೆ ಅಂಟುತ್ತಿತ್ತು. ಈಗ ಅಲ್ಲಿ ರಿಸೆಟ್ ಆದರೂ ಡಿಎಚ್‌ಸಿಪಿ ಹಂಚಲಾಗದ ಶುದ್ಧ ಆಕ್ಸೆಸ್ ಪಾಯಿಂಟ್ ಇಟ್ಟಿದ್ದೇನೆ. ಮೂರಕ್ಕೂ ಒಂದೇ ಹೆಸರು ಕೊಟ್ಟು, 2.4 ಗಿಗಾಹರ್ಟ್ಜ್‌ನಲ್ಲಿ ಒಂದಕ್ಕೊಂದು ಅಡ್ಡಬರದ 1, 6, 11ನೇ ಚಾನೆಲ್ ಹಂಚಿ, ಶಕ್ತಿಯನ್ನು ಬೇಕೆಂದೇ ಇಳಿಸಿದ್ದೇನೆ. ಶಕ್ತಿ ಪೂರ್ತಿಯಿದ್ದಾಗ ಫೋನುಗಳು ದೂರದ ಪಾಯಿಂಟನ್ನು ಬಿಡದೆ ಹಿಡಿದುಕೊಂಡು ಕುಂಟುತ್ತಿದ್ದವು.

ಈ ಕೆಲಸದ ನಡುವೆ ಕುತೂಹಲಕ್ಕೆಂದು ತೋಟದ ಮನೆಯಿಂದ ಅಡಿಕೆ ಸುಲಿಯುವ ಮನೆಗೆ ಮರಗಳ ನಡುವೆಯೇ 2.4 ಗಿಗಾಹರ್ಟ್ಜ್ ಬ್ರಿಡ್ಜ್ ಹಾಕಿ ನೋಡಿದೆ. ಬೇಸಗೆಯಲ್ಲಿ 150 ಮೀಟರ್ ಚೆನ್ನಾಗಿ ದಾಟಿತು, ಸೋಗೆಗಳು ತೊಯ್ದ ಮೇಲೆ ಅಲ್ಲಿನ ಕ್ಯಾಮೆರಾದ ಚಿತ್ರವೇ ನಿಂತಿತು. ಅಲ್ಲಿಗೆ ಎರಡು ಮೀಡಿಯಾ ಕನ್ವರ್ಟರ್ (ಫೈಬರ್ ಮತ್ತು ಈಥರ್ನೆಟ್ ತಂತಿಯನ್ನು ಜೋಡಿಸುವ ಪೆಟ್ಟಿಗೆ) ಹಾಕಿ ಫೈಬರ್ ತುಂಡನ್ನೇ ಎಳೆದೆ, ಮೂರು ಸಾವಿರದೊಳಗೆ ಮುಗಿಯಿತು. ಅದು ಚೆನ್ನಾಗಿ ನಡೆದದ್ದನ್ನು ಕಂಡು ಮನೆಯ ಮಾಸ್ಟಿನ ರೇಡಿಯೋಗೂ ಒಳಗಿನ ಸ್ವಿಚ್ಚಿಗೂ ನಡುವೆ ಕೆಲವೇ ಮೀಟರ್ ಫೈಬರ್ ಹಾಕಿದ್ದೇನೆ. ಏಪ್ರಿಲ್–ಮೇ ತಿಂಗಳ ಸಿಡಿಲು ಈಥರ್ನೆಟ್ ತಂತಿಯ ಮೂಲಕ ಒಳಬರಲು ದಾರಿಯಿಲ್ಲ. ಕರೆಂಟಿನ ತಂತಿಯ ದಾರಿಗೆ ಸರ್ಜ್ ಪ್ರೊಟೆಕ್ಟರ್ ಮತ್ತು ಒಳ್ಳೆಯ ಅರ್ಥಿಂಗ್ ಬೇರೆಯೇ ಬೇಕು.

ನನ್ನ ಕೂಲಿ ಬಿಟ್ಟು ಒಟ್ಟು ಸಾಮಾನಿನ ಮತ್ತು ಆಳಿನ ಖರ್ಚು ಹದಿನೇಳು–ಹದಿನೆಂಟು ಸಾವಿರದ ಒಳಗಿತ್ತು. ಹಿಂದೆ ಕೊಂಡಿದ್ದ ದೊಡ್ಡ ಡಿಶ್‌ಗಳಲ್ಲಿ ಒಂದನ್ನೂ ಬಿಸಾಡಲಿಲ್ಲ, ಗುಡ್ಡದ ಹಾಪ್‌ನಲ್ಲೇ ಅವು ಕೆಲಸ ಮಾಡುತ್ತಿವೆ. ಸಿಲ್ವರ್ ಓಕ್ ಬೇಗ ಚಿಗುರುವ ಮರವಾದ್ದರಿಂದ ಈ ವರ್ಷ ಮಳೆಗೆ ಮುಂಚೆ ಮತ್ತೊಮ್ಮೆ ಆ ಸಾಲನ್ನು ಕಡಿಸಬೇಕಿದೆ; ಎರಡು ನೆಟ್‌ವಾಚ್ ರೌಟರ್‌ಗಳನ್ನು ಅಲ್ಲೇ ಬಿಟ್ಟುಬಂದಿದ್ದೇನೆ, ಸಿಗ್ನಲ್ ಮೈನಸ್ 66ಕ್ಕಿಂತ ಕೆಳಗಿಳಿದರೆ ನನ್ನ ಫೋನಿಗೆ ಸಂದೇಶ ಬರುವಂತೆ ಚಿಕ್ಕ ಸ್ಕ್ರಿಪ್ಟೊಂದನ್ನೂ ಸೇರಿಸಿದ್ದೇನೆ.