ಮಧ್ಯಾಹ್ನ ಮಲಗಲು ಒಂದು ಕೋಣೆ: ಮೈಸೂರಿನ ಹಳೆಯ ಪೇಟೆಯಲ್ಲಿ ಎರಡು ದಿನ

ಹಿಂದಿನ ಸಲ ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋದಾಗ ಊರಾಚೆಯ ಬಡಾವಣೆಯಲ್ಲಿ ಒಳ್ಳೆಯ ಹೋಟೆಲನ್ನೇ ಹಿಡಿದಿದ್ದೆ. ಬೆಳಿಗ್ಗೆ ಹೊರಬಿದ್ದರೆ ಕೋಣೆ ಸೇರುವುದು ರಾತ್ರಿಯೇ. ಮಂಡಿನೋವಿನ ಅಮ್ಮ ಬಿರುಬಿಸಿಲಿನಲ್ಲಿ ಅರಮನೆಯ ಕಟ್ಟೆಯೊಂದರ ಮೇಲೆ ಕಾಲು ಒತ್ತಿಕೊಳ್ಳುತ್ತಾ ಕುಳಿತಿದ್ದು ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಈ ಸಲ ನನ್ನದು ಒಂದೇ ಹಟ: ಊಟ ಮುಗಿಸಿ ಬಂದು ಮಲಗುವಷ್ಟು ಹತ್ತಿರ ಕೋಣೆ ಸಿಗಬೇಕು.

ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರ, ಧನ್ವಂತರಿ ರಸ್ತೆಯ ಸುತ್ತಮುತ್ತ ಸಾಧಾರಣ ಬಾಡಿಗೆಯ ಹೋಟೆಲುಗಳಿಗೆ ಕೊರತೆಯಿಲ್ಲ. ಮೊಬೈಲಿನಲ್ಲಿ ಫೋಟೊ ನೋಡಿ ಕಾಯ್ದಿರಿಸುವ ಬದಲು ನೇರವಾಗಿ ಫೋನ್ ಮಾಡಿದೆ. ಲಿಫ್ಟ್ ಇದೆಯೇ, ಬಿಸಿನೀರು ಎಷ್ಟು ಹೊತ್ತು ಬರುತ್ತದೆ, ಕೂರುವ ಶೌಚಾಲಯವೇ ಎಂದು ಕೇಳಿದೆ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ದಿನದ ಲೆಕ್ಕ ಮಧ್ಯಾಹ್ನ ಹನ್ನೆರಡರಿಂದಲೋ, ನಾವು ಬಂದ ಗಳಿಗೆಯಿಂದ 24 ಗಂಟೆಯೋ? ಶಿವಮೊಗ್ಗದಿಂದ ರಾತ್ರಿ ರೈಲು ಹತ್ತಿದವರು ಮೈಸೂರಿನಲ್ಲಿ ಇಳಿಯುವುದು ಬೆಳಗಾಗುವ ಹೊತ್ತಿಗೆ. ಎರಡು ಕಡೆ ಹನ್ನೆರಡಕ್ಕೆ ಮೊದಲು ಕೋಣೆ ಇಲ್ಲ ಎಂದರು. ಮೂರನೆಯವರು 24 ಗಂಟೆಯ ಲೆಕ್ಕಕ್ಕೆ ಒಪ್ಪಿದರು. ದಿನಕ್ಕೆ 2,200 ರೂಪಾಯಿ.

ಆದರೆ ಅವರು ಮೊದಲು ಕೊಟ್ಟಿದ್ದು ರಸ್ತೆ ಬದಿಯ ಕೋಣೆ. ಕಿಟಕಿ ಮುಚ್ಚಿದರೂ ಬಸ್ಸಿನ ಹಾರ್ನ್ ತಲೆದಿಂಬಿನ ಪಕ್ಕದಲ್ಲೇ ಕೂಗಿದಂತಿತ್ತು. ತಕ್ಷಣ ಕೆಳಗಿಳಿದು ಹಿಂಬದಿಯ ಕೋಣೆ ಕೇಳಿದೆ; ಗೊಣಗಿಕೊಂಡೇ ಕೊಟ್ಟರು. ಅಲ್ಲಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯ ತಾರಸಿ, ನೀರಿನ ಟ್ಯಾಂಕು, ಒಣಹಾಕಿದ ಸೀರೆಗಳು. ಅದೇ ಬೇಕಾಗಿದ್ದದ್ದು. ಹಳೆಯ ಪೇಟೆಯಲ್ಲಿ ನೋಟಕ್ಕೆ ಆಸೆಪಟ್ಟರೆ ನಿದ್ದೆ ಹೋಗುತ್ತದೆ.

ಸ್ನಾನ ಮುಗಿಸಿ ನಿಧಾನವಾಗಿ ಮಾರುಕಟ್ಟೆಗೆ ನಡೆದೆವು. 2016ರಲ್ಲಿ ಈ ಕಟ್ಟಡದ ಒಂದು ಭಾಗ ಕುಸಿದಾಗಿನಿಂದ ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ಜಗ್ಗಾಟ ನಡೆದೇ ಇದೆ. ಇದು ಉಳಿಯಲೇಬೇಕು ಎನ್ನುವವಳು ನಾನು. ಗೋಪುರದಂತೆ ಒಟ್ಟಿದ ಕುಂಕುಮ, ವೀಳ್ಯದೆಲೆಯ ಕಟ್ಟುಗಳು, ಬಾಳೆಗೊನೆಗಳ ಸಾಲು ದಾಟಿದರೆ ಹೂವಿನವರು. ಒಬ್ಬಾಕೆ ಮಲ್ಲಿಗೆಯ ದಂಡೆಯನ್ನು ಬೆರಳ ತುದಿಯಲ್ಲಿ ಹಿಡಿದು ಮೊಣಕೈವರೆಗೆ ಎಳೆದು ಮೊಳ ಅಳೆದಳು. ಅಮ್ಮ ತನ್ನ ಕೈಯನ್ನು ಅವಳ ಕೈಗೆ ಒತ್ತಿ ಹಿಡಿದು, "ನಿನ್ನ ಕೈ ಗಿಡ್ಡ ಕಣಮ್ಮ, ನನ್ನ ಕೈಯಲ್ಲಿ ಅಳೆ" ಎಂದಳು. ಆಕೆ ನಕ್ಕು ನಾಲ್ಕು ಬೆರಳಿನಷ್ಟು ಹೆಚ್ಚಿಗೆ ಬಿಟ್ಟು ಕತ್ತರಿಸಿದಳು.

ಹತ್ತು ಗಂಟೆಗೆ ಅರಮನೆ. ಪೇಟೆಯಿಂದ ಅರಮನೆಯ ಗೋಡೆ ಹತ್ತಿರವೇ, ಆದರೆ ಟಿಕೆಟ್ ಇರುವುದು ದಕ್ಷಿಣದ ವರಾಹ ದ್ವಾರದಲ್ಲಿ. ಮಂಡಿನೋವಿದ್ದವರನ್ನು ಅಷ್ಟು ಸುತ್ತಿಸಬೇಡಿ, ಆಟೊ ಹಿಡಿಯಿರಿ. ಒಳಗೆ ಚಪ್ಪಲಿ ಬಿಟ್ಟು ನಡೆಯಬೇಕು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಈಗಿನದು 1912ಕ್ಕೆ ಮುಗಿಯಿತು ಎಂದಾಗ ಅಮ್ಮ ಕಂಬವೊಂದನ್ನು ಸವರಿ ನೋಡಿದಳು.

ಒಂದು ಗಂಟೆಗೆ ಊಟ. ಒಂದೂವರೆಗೆಲ್ಲ ಅಮ್ಮ ಮಂಚದ ಮೇಲೆ, ಮಂಡಿಯ ಕೆಳಗೆ ಎರಡು ದಿಂಬು. ಮೂರು ಗಂಟೆ ಕಾಲ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ನಾನು ಕೊಟ್ಟ ಬಾಡಿಗೆ ಆ ಮೂರು ಗಂಟೆಗೇ ಸಂದಿತು.

ಅಂದು ಭಾನುವಾರ. ಸಂಜೆ ಏಳಕ್ಕೆ ಅರಮನೆಯ ದೀಪಗಳೆಲ್ಲ ಒಂದೇ ಏಟಿಗೆ ಹೊತ್ತಿಕೊಂಡಾಗ ಜನರೆಲ್ಲ ಹೋ ಎಂದರು. ಅಮ್ಮ ಮಾತ್ರ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು ಸುಮ್ಮನೆ ನಿಂತಿದ್ದಳು. ಹಿಂದಿರುಗುವಾಗ ದೊಡ್ಡ ಗಡಿಯಾರದ ಬಳಿ ನಿಂತೆವು. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ, 1927ರಲ್ಲಿ ಕಟ್ಟಿದ್ದು. ಮುಖದ ಮೇಲೆ ಕನ್ನಡ ಅಂಕಿಗಳು. ೬, ೭, ೯ ಎಂದರೆ ನಾನು ಕ್ಷಣ ತಡವರಿಸುತ್ತೇನೆ. ಅಮ್ಮ ತಲೆಯೆತ್ತಿ ಒಂದೇ ನೋಟಕ್ಕೆ ಗಂಟೆ ಹೇಳಿದಳು.

ಕೋಣೆಗೆ ಬಂದು, ಒದ್ದೆ ಕರವಸ್ತ್ರದಲ್ಲಿ ಉಳಿದ ಮಲ್ಲಿಗೆಯನ್ನು ಸುತ್ತಿಡುತ್ತಾ, ನಾಳೆ ಎಷ್ಟು ಹೊತ್ತಿಗೆ ಕೋಣೆ ಬಿಡಬೇಕು ಎಂದು ಕೇಳಿದಳು. ಆರೂವರೆಗೆ ಎಂದೆ.

"ಅರ್ಧ ದಿನದ ಬಾಡಿಗೆ ಹೆಚ್ಚಿಗೆ ಕೊಟ್ಟರೆ ಮಧ್ಯಾಹ್ನದವರೆಗೆ ಬಿಡುತ್ತಾರೇನೋ, ಕೇಳಿ ಬಾ" ಎಂದಳು.