ಕಡುಕಂದು ಗೋಡೆ, ಹಿತ್ತಾಳೆ ಕಪಾಟು: ಬಿಲ್ಲಿ ಬಾಲ್ಡ್‌ವಿನ್ ಶೈಲಿಯ ಕೋಣೆ ಮಾಡುವ ಬಗೆ

ಚಿಕ್ಕ ಕೋಣೆಗೆ ಬಿಳಿ ಇಲ್ಲವೇ ಕೆನೆಬಣ್ಣವೇ ಸರಿ ಎಂದು ಪೇಂಟ್ ಅಂಗಡಿಯವರಿಂದ ಹಿಡಿದು ಮನೆಯ ಹಿರಿಯರವರೆಗೆ ಎಲ್ಲರೂ ಹೇಳುತ್ತಾರೆ. ಅಮೆರಿಕದ ಒಳಾಂಗಣ ವಿನ್ಯಾಸಕ ಬಿಲ್ಲಿ ಬಾಲ್ಡ್‌ವಿನ್ ನ್ಯೂಯಾರ್ಕಿನ ತಮ್ಮ ಒಂದೇ ಕೋಣೆಯ ಮನೆಗೆ ಹಚ್ಚಿಸಿದ್ದು ಫಳಫಳ ಹೊಳೆಯುವ ಕಡುಕಂದು. ಇಪ್ಪತ್ತನೆಯ ಶತಮಾನದ ಅಮೆರಿಕದ ಒಳಾಂಗಣಗಳಲ್ಲಿ ಆ ಕೋಣೆಗೆ ದೊಡ್ಡ ಹೆಸರಿದೆ. ಬರೀ ಕಡುಬಣ್ಣವಾಗಿದ್ದರೆ ಕೋಣೆ ಗವಿಯಾಗುತ್ತಿತ್ತು. ಹೊಳಪಿದ್ದುದರಿಂದ ಗೋಡೆ ದೀಪದ ಬೆಳಕನ್ನು ಹಿಂದಕ್ಕೆ ಕೊಡುತ್ತದೆ, ಮೂಲೆಗಳ ಗೆರೆ ಕಾಣದಾಗುತ್ತದೆ, ಗೋಡೆ ಎಲ್ಲಿ ಮುಗಿಯಿತೆಂದು ಕಣ್ಣಿಗೆ ತಿಳಿಯುವುದಿಲ್ಲ.

ಬಾಲ್ಡ್‌ವಿನ್ 1903ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದರು. ಪ್ರಿನ್ಸ್‌ಟನ್‌ನಲ್ಲಿ ವಾಸ್ತುಶಿಲ್ಪ ಓದಲು ಹೋಗಿ ಮಧ್ಯದಲ್ಲೇ ಬಿಟ್ಟರು. ಊರಿನಲ್ಲಿ ಅವರು ಮಾಡಿದ್ದ ಕೆಲಸ ನೋಡಿ ಮೆಚ್ಚಿದ ರೂಬಿ ರಾಸ್ ವುಡ್ ಎಂಬ ಹೆಸರಾಂತ ವಿನ್ಯಾಸಕಿ 1935ರಲ್ಲಿ ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. 1950ರಲ್ಲಿ ವುಡ್ ತೀರಿಕೊಂಡ ಮೇಲೆ, 1952ರಲ್ಲಿ, ಎಡ್ವರ್ಡ್ ಮಾರ್ಟಿನ್ ಜೊತೆ ಸೇರಿ ಸ್ವಂತ ಸಂಸ್ಥೆ ತೆರೆದರು. ಸಂಗೀತ ಸಂಯೋಜಕ ಕೋಲ್ ಪೋರ್ಟರ್, ಫ್ಯಾಷನ್ ಸಂಪಾದಕಿ ಡಯಾನಾ ವ್ರೀಲಂಡ್, ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಪತ್ನಿ ಜಾಕ್ವೆಲಿನ್ ಕೆನಡಿ ಒನಾಸಿಸ್ ಅವರ ಮನೆಗಳಿಗೆ ಕೆಲಸ ಮಾಡಿದರು. 1973ರಲ್ಲಿ ನಿವೃತ್ತರಾಗಿ 1983ರಲ್ಲಿ ತೀರಿಕೊಂಡರು. ಹಣವಂತರಿಗೇ ದುಡಿದರೂ ಅವರು ನೆಚ್ಚಿದ್ದು ಹತ್ತಿಬಟ್ಟೆ, ಬೆತ್ತ ಮತ್ತು ಮನೆಯವರ ಬಳಿ ಮೊದಲೇ ಇದ್ದ ವಸ್ತುಗಳನ್ನು. ಆದ್ದರಿಂದಲೇ ಅವರ ಶೈಲಿ ಸಾಧಾರಣ ಮನೆಗೂ ಒಗ್ಗುತ್ತದೆ. ಇಡೀ ಮನೆ ಬೇಡ, ಓದುವ ಕೋಣೆಯ ಒಂದು ಗೋಡೆಯಿಂದ ಶುರುಮಾಡಿ.

ಗೋಡೆ

ಈ ಕೆಲಸದಲ್ಲಿ ಮುಕ್ಕಾಲು ಪಾಲು ಶ್ರಮ ಬಣ್ಣದ ಡಬ್ಬಿ ತೆರೆಯುವ ಮುಂಚೆಯೇ ಮುಗಿದಿರಬೇಕು. ಮ್ಯಾಟ್ ಬಣ್ಣ ಗೋಡೆಯ ತಗ್ಗುದಿಣ್ಣೆಗಳನ್ನು ಮುಚ್ಚಿಡುತ್ತದೆ. ಹೊಳಪಿನ ಕಡುಬಣ್ಣ ಅವನ್ನೆಲ್ಲ ಎತ್ತಿ ತೋರಿಸುತ್ತದೆ.

ಮೊದಲು ತೇವ ಪರೀಕ್ಷಿಸಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಒಳಮೈಯಲ್ಲಿ ನೀರಹನಿ ಕಂಡರೆ ಆ ಗೋಡೆಗೆ ಎನಾಮಲ್, ಅಂದರೆ ಈ ಹೊಳಪು ಕೊಡುವ ಬಣ್ಣ, ಬೇಡ. ಎಣ್ಣೆ ಆಧಾರಿತ ಎನಾಮಲ್ ಒಳಗಿನ ತೇವವನ್ನು ಹೊರಬಿಡುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಗುಳ್ಳೆ ಎದ್ದು ಪದರ ಸುಲಿಯುತ್ತದೆ. ಬಚ್ಚಲುಮನೆಗೆ ಅಂಟಿದ ಗೋಡೆ, ಮಳೆ ಹೊಡೆಯುವ ಪಶ್ಚಿಮದ ಗೋಡೆಗಳಲ್ಲಿ ಇದು ಸಾಮಾನ್ಯ. ತೇವದ ಮೂಲ ಸರಿಪಡಿಸದೆ ಮುಂದೆ ಹೋಗಬೇಡಿ.

12 ಅಡಿ ಅಗಲ, 10 ಅಡಿ ಎತ್ತರದ ಗೋಡೆ ಎಂದರೆ 120 ಚದರಡಿ. ಹಳೆಯ ಸಡಿಲ ಬಣ್ಣ ಕೆರೆದು, ಪ್ರೈಮರ್ (ಬಣ್ಣ ಹಿಡಿಯಲು ಹಚ್ಚುವ ತಳಪದರ) ಹೊಡೆದು, ಗೋಡೆ ಸಮ ಮಾಡುವ ಪುಟ್ಟಿಯನ್ನು ಎರಡು ಕೋಟ್ ಎಳೆಯಲು ಸುಮಾರು 10ರಿಂದ 12 ಕಿಲೋ ಪುಟ್ಟಿ ಬೇಕು. ಎಣ್ಣೆ ಎನಾಮಲ್‌ನ ಅಡಿಗೆ ಅಕ್ರಿಲಿಕ್ ಪುಟ್ಟಿಯೇ ಒಳ್ಳೆಯದು. ಸಿಮೆಂಟ್ ಪುಟ್ಟಿಯ ಕ್ಷಾರ ಎಣ್ಣೆಯ ಅಂಶದ ಜೊತೆ ಸೇರಿ ಬಣ್ಣವನ್ನು ಅಂಟಂಟಾಗಿಸುತ್ತದೆ. ಅದು ಆಗಲೇ ಹಚ್ಚಿದ್ದರೆ ಕ್ಷಾರ ತಡೆಯುವ ಪ್ರೈಮರ್ ಕಡ್ಡಾಯ. ಹೊಸ ಗಾರೆಯ ಗೋಡೆಯಲ್ಲೂ ಇದೇ ತೊಂದರೆ, ಚೆನ್ನಾಗಿ ಒಣಗುವ ತನಕ ಮುಟ್ಟಬೇಡಿ.

ಪುಟ್ಟಿ ಒಣಗಿದ ಮೇಲೆ 120, ನಂತರ 180, ಕೊನೆಗೆ 320 ನಂಬರಿನ ಸ್ಯಾಂಡ್ ಪೇಪರ್. ಕೋಣೆಯ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕನ್ನು ಅಡ್ಡಡ್ಡ ಹಾಯಿಸಿ. ಪ್ರತಿಯೊಂದು ಕುಳಿ, ಬ್ಲೇಡಿನ ಗೆರೆ ನೆರಳು ಬೀಳಿಸುತ್ತದೆ. ಪೆನ್ಸಿಲಿನಿಂದ ಸುತ್ತುಹಾಕಿ, ಮತ್ತೆ ಪುಟ್ಟಿ ತುಂಬಿ, ಮತ್ತೆ ಉಜ್ಜಿ. ಪೇಂಟರ್ ಇದಕ್ಕೆ ಒಂದು ದಿನ ಹೆಚ್ಚು ಕೇಳಿದರೆ ಸಂತೋಷದಿಂದ ಕೊಡಿ, ಆ ದಿನದ ಕೂಲಿಗೇ ಹೊಳಪು ಬರುವುದು. ಆಮೇಲೆ ಒಂದು ಕೋಟ್ ಪ್ರೈಮರ್, ಬೂದು ಬಣ್ಣ ಬೆರೆಸಿದ್ದು. ಬಿಳಿ ಪ್ರೈಮರ್ ಮೇಲೆ ಕಂದು ಹಚ್ಚಿದರೆ ಮೂರು ಕೋಟಿನ ನಂತರವೂ ಅಂಚುಗಳಲ್ಲಿ ಬಿಳಿ ಇಣುಕುತ್ತದೆ.

ಬಣ್ಣ ಆರಿಸುವಾಗ ಕಪ್ಪು ಹೆಚ್ಚಿರುವ ಕಂದು ನೋಡಿ. ಕೆಂಪು ಹೆಚ್ಚಿದ್ದರೆ ಹಳದಿ ದೀಪದ ಕೆಳಗೆ ಇಟ್ಟಿಗೆಯ ಬಣ್ಣವಾಗಿಬಿಡುತ್ತದೆ. ಎರಡಡಿ ಚೌಕದ ಪ್ಲೈವುಡ್ ತುಂಡಿಗೆ ಹಚ್ಚಿ ಹಗಲು, ರಾತ್ರಿ ಎರಡೂ ಹೊತ್ತು ನೋಡಿ ನಿರ್ಧರಿಸಿ. ಲೀಟರಿಗೆ ಒಂದು ಕೋಟಿನಲ್ಲಿ ಸುಮಾರು 100 ಚದರಡಿ ಆಗುತ್ತದೆ. ಮೂರು ಕೋಟಿಗೆ 4 ಲೀಟರ್ ಒಂದೇ ಸಲ ತನ್ನಿ. ಡಬ್ಬಿಯಿಂದ ಡಬ್ಬಿಗೆ ಛಾಯೆ ಬದಲಾಗುವುದರಿಂದ ಎಲ್ಲವನ್ನೂ ಒಂದು ಬಕೆಟ್‌ಗೆ ಸುರಿದು ಕಲಸಿ, ಬಟ್ಟೆಯಲ್ಲಿ ಸೋಸಿ.

ಹಚ್ಚಲು ಇಬ್ಬರು ಬೇಕು. ಶೇ 5ರಿಂದ 10ರಷ್ಟು ಟರ್ಪೆಂಟೈನ್ ಬೆರೆಸಿ, ಒಬ್ಬರು ಸಣ್ಣ ಎಳೆಯ ರೋಲರ್‌ನಿಂದ ಎರಡಡಿ ಅಗಲದ ಪಟ್ಟಿ ಎಳೆದಂತೆ, ಇನ್ನೊಬ್ಬರು ಮೃದುವಾದ ಮೂರಿಂಚಿನ ಬ್ರಷ್‌ನ ತುದಿಯಿಂದ ಕೆಳಗಿನಿಂದ ಮೇಲಕ್ಕೆ ಹಗುರಾಗಿ ಸವರುತ್ತ ಬರಬೇಕು. ಸವರದಿದ್ದರೆ ಕಿತ್ತಳೆ ಸಿಪ್ಪೆಯಂಥ ಮೈ ಉಳಿಯುತ್ತದೆ. ನಡುವೆ ಚಹಾಕ್ಕೆ ನಿಲ್ಲುವಂತಿಲ್ಲ, ಒಣಗಿದ ಅಂಚಿನ ಮೇಲೆ ಮತ್ತೆ ಹಚ್ಚಿದರೆ ಉದ್ದಕ್ಕೂ ಗೆರೆ ಕಾಣುತ್ತದೆ. ದಪ್ಪವಾಗಿ ಹಚ್ಚುವ ಆಸೆ ಬೇಡ: ಮೇಲಿನ ಪೊರೆ ಬೇಗ ಒಣಗಿ, ಒಳಗೆ ಹಸಿಯಿದ್ದು, ಗೋಡೆ ಸುಕ್ಕುಗಟ್ಟುತ್ತದೆ. ಕೋಟುಗಳ ನಡುವೆ 24 ಗಂಟೆ, ಮಳೆಗಾಲವಾದರೆ 48. ಫ್ಯಾನ್ ಆರಿಸಿ, ನೆಲ ಒದ್ದೆಬಟ್ಟೆಯಲ್ಲಿ ಒರೆಸಿರಿ, ಕಿಟಕಿ ಮಾತ್ರ ತೆರೆದಿರಲಿ, ಏಕೆಂದರೆ ಟರ್ಪೆಂಟೈನ್ ಆವಿ ತಲೆ ಸುತ್ತಿಸುತ್ತದೆ. ಮೊದಲ ಎರಡು ಕೋಟು ಒಣಗಿದ ಮೇಲೆ 400 ನಂಬರಿನ ವಾಟರ್ ಪೇಪರಿನಿಂದ ನೀರುಹಾಕಿ ಹಗುರಾಗಿ ಉಜ್ಜಿ ಒರೆಸಿ. ಮೂರನೆಯದನ್ನು ಮುಟ್ಟಬೇಡಿ. ಚಾವಣಿ ಬಿಳಿಯೇ ಇರಲಿ.

ಕಪಾಟು

1955ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಟವರ್ಸ್ ಕಟ್ಟಡದಲ್ಲಿದ್ದ ಕೋಲ್ ಪೋರ್ಟರ್ ಅವರ ಮನೆಗೆ ಬಾಲ್ಡ್‌ವಿನ್ ಹಿತ್ತಾಳೆ ಕೊಳವೆಯ ಕಂಬಗಳು, ಕಪ್ಪು ಹಲಗೆಗಳಿರುವ ಪುಸ್ತಕದ ಕಪಾಟು ಮಾಡಿಸಿದರು. ಅದಕ್ಕೆ ಸ್ಫೂರ್ತಿ ಹದಿನೆಂಟನೆಯ ಶತಮಾನದ ಕೊನೆಯ ಫ್ರೆಂಚ್ ಶೈಲಿಯ ತೆರೆದ ಕಪಾಟು. ಹಿಂಬದಿ ಹಲಗೆ ಇಲ್ಲ, ಪುಸ್ತಕಗಳ ಹಿಂದೆ ಗೋಡೆಯೇ ಕಾಣುತ್ತದೆ.

ಇದನ್ನು ಮಾಡಿಸುವಾಗ 25 ಮಿ.ಮೀ. ಹೊರವ್ಯಾಸದ ಹಿತ್ತಾಳೆ ಪೈಪು, 18 ಮಿ.ಮೀ. ಪ್ಲೈವುಡ್ ಹಲಗೆ ಸಾಕು. ಎರಡು ಕಂಬಗಳ ನಡುವಿನ ಅಂತರ ಎರಡೂವರೆ ಅಡಿ ಮೀರಬಾರದು. ಒಂದು ಮೀಟರ್ ಉದ್ದ ಜೋಡಿಸಿದ ಪುಸ್ತಕ 20ರಿಂದ 25 ಕಿಲೋ ತೂಗುತ್ತದೆ, ಉದ್ದ ಹಲಗೆ ವರ್ಷದೊಳಗೆ ನಡುವೆ ಜಗ್ಗುತ್ತದೆ. ಆಳ 10ರಿಂದ 12 ಇಂಚು. ಏಳಡಿ ಎತ್ತರದ ಕಪಾಟನ್ನು ಮೇಲ್ಭಾಗದಲ್ಲಿ ಗೋಡೆಗೆ ಬಿಗಿಯಲೇಬೇಕು, ಮಕ್ಕಳಿರುವ ಮನೆಯಲ್ಲಿ ಇದರ ಬಗ್ಗೆ ಎರಡನೇ ಯೋಚನೆ ಬೇಡ. ಹಿತ್ತಾಳೆ ದುಬಾರಿಯಾದರೆ ಹಿತ್ತಾಳೆ ಬಣ್ಣದ ಲೇಪನವಿರುವ ಸ್ಟೀಲ್ ಪೈಪು ಪರವಾಗಿಲ್ಲ. ಕಬ್ಬಿಣಕ್ಕೆ ಚಿನ್ನದ ಬಣ್ಣ ಸಿಂಪಡಿಸಿದ್ದು ಹೊಳೆಯುವ ಗೋಡೆಯ ಮುಂದೆ ತಕ್ಷಣ ಬಯಲಾಗುತ್ತದೆ. ಪೈಪನ್ನು ಪಾಲಿಶ್ ಮಾಡಿಸಿ, ಪಾರದರ್ಶಕ ಲ್ಯಾಕರ್ ಹೊಡೆಸಿ ತನ್ನಿ. ಕರಾವಳಿಯ ಉಪ್ಪುಗಾಳಿಗೆ ಲ್ಯಾಕರ್ ಇಲ್ಲದ ಹಿತ್ತಾಳೆ ಬಹಳ ಬೇಗ ಮಂಕಾಗುತ್ತದೆ.

ಕುರ್ಚಿ ಮತ್ತು ಬೆಳಕು

ಬಾಲ್ಡ್‌ವಿನ್ ಹೆಸರಿಗೆ ಅಂಟಿಕೊಂಡ ಕುರ್ಚಿಗೆ ಕೈಗಳಿಲ್ಲ. ಆಸನ ತಗ್ಗು, ಬಟ್ಟೆ ನೆಲದವರೆಗೆ ಇಳಿದು ಕಾಲುಗಳನ್ನು ಮರೆಮಾಡುತ್ತದೆ. ಆಸನದ ಎತ್ತರ 15ರಿಂದ 16 ಇಂಚು, ಅಗಲ 24 ಇಂಚು, 40 ಡೆನ್ಸಿಟಿಯ ನಾಲ್ಕಿಂಚಿನ ಫೋಮ್ ಎಂದು ಕುಷನ್ ಕೆಲಸದವರಿಗೆ ಹೇಳಿ. 54 ಇಂಚು ಪನ್ನದ ಬಟ್ಟೆ ನಾಲ್ಕೂವರೆ ಮೀಟರ್ ಬೇಕು, ದೊಡ್ಡ ಚಿತ್ತಾರವಿದ್ದರೆ ಇನ್ನೊಂದು ಮೀಟರ್. ದಪ್ಪ ಹತ್ತಿಬಟ್ಟೆ, ಬಿಳಿ ಅಥವಾ ತಿಳಿಗೋಧಿ ಬಣ್ಣ. ಹೊಲಿಯುವ ಮುಂಚೆ ಒಮ್ಮೆ ಒಗೆದು ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಕವರ್ ಹಿಡಿಸುವುದಿಲ್ಲ. ಮಂಡಿನೋವಿರುವವರಿಗೆ ಈ ಎತ್ತರ ಕಷ್ಟ, ಅವರಿಗೆ 18 ಇಂಚು ಇಡಿ. ಅಂದಕ್ಕಿಂತ ಕೂರುವವರ ಸುಖ ಮುಖ್ಯ ಎಂಬುದನ್ನು ಬಾಲ್ಡ್‌ವಿನ್ ಕೂಡ ಬಿಟ್ಟುಕೊಟ್ಟವರಲ್ಲ.

ಟ್ಯೂಬ್‌ಲೈಟ್ ಈ ಗೋಡೆಯಲ್ಲಿ ಉದ್ದನೆಯ ಬಿಳಿ ಪಟ್ಟಿಯಾಗಿ ಪ್ರತಿಫಲಿಸುತ್ತದೆ. ಬದಲಿಗೆ 2700 ಕೆಲ್ವಿನ್‌ನ, ಅಂದರೆ ಹಳದಿ ಬೆಳಕಿನ, ಬಲ್ಬಿರುವ ಮೂರು ದೀಪಗಳನ್ನು ಬೇರೆ ಬೇರೆ ಎತ್ತರದಲ್ಲಿಡಿ: ಒಂದು ಮೇಜಿನ ಮೇಲೆ, ಒಂದು ಕುರ್ಚಿಯ ಪಕ್ಕ ನೆಲದ ಮೇಲೆ, ಒಂದು ಕಪಾಟಿನಲ್ಲಿ.

ಗೋಡೆಯನ್ನು ಮೊದಲ ಎರಡು ವಾರ ಒರೆಸಬೇಡಿ, ಕಪಾಟನ್ನೂ ತಾಗಿಸಬೇಡಿ, ಎನಾಮಲ್ ಪೂರ್ತಿ ಗಟ್ಟಿಯಾಗಲು ಅಷ್ಟು ಸಮಯ ಬೇಕು. ಆಮೇಲೆ ಮೆತ್ತನೆಯ ಬಟ್ಟೆಯನ್ನು ನೀರಿನಲ್ಲಿ ಹಿಂಡಿ ಒರೆಸಿದರೆ ಸಾಕು. ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿದರೆ ಹುಳಿಯ ಹನಿ ಗೋಡೆಯ ಮೇಲೆ ಕಲೆ ಬಿಡುತ್ತದೆ. ಲ್ಯಾಕರ್ ಇರುವ ಪೈಪಿಗೆ ಹುಣಸೆ ಬೇಕಾಗಿಯೂ ಇಲ್ಲ, ಒಣಬಟ್ಟೆಯಲ್ಲಿ ಧೂಳು ಒರೆಸಿದರಾಯಿತು.