ಕಣ್ಣಿಗೆ ಬೆರ್ರಿ ಒಳ್ಳೇದು, ಆದ್ರೆ ಮೊದಲು ಸೊಪ್ಪು

ಕಣ್ಣಿಗೆ ಒಳ್ಳೇದು ಅಂತ ಯಾರಾದರೂ ದುಬಾರಿ ಬೆರ್ರಿ ಪುಡಿ ಕೊಳ್ಳೋಕೆ ಹೊರಟರೆ ನಾನು ಮೊದಲು ಕೇಳೋದು ಒಂದೇ ಮಾತು. ವಾರಕ್ಕೆ ಎಷ್ಟು ದಿನ ಸೊಪ್ಪು ತಿನ್ನುತ್ತೀರಿ?

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸೋ ಪದರ ರೆಟಿನಾ, ಅದರ ನಡುವೆ ಮ್ಯಾಕುಲಾ ಅಂತ ಒಂದು ಚಿಕ್ಕ ಜಾಗ ಇದೆ. ಓದೋದು, ಮುಖ ಗುರುತಿಸೋದು ಅದರಿಂದಲೇ. ಅಲ್ಲಿ ಲ್ಯುಟೀನ್, ಝಿಯಾಕ್ಸಾಂಥಿನ್ ಅನ್ನೋ ಹಳದಿ ಬಣ್ಣಗಳು ಸೇರಿಕೊಂಡು ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ. ಇವನ್ನು ನಮ್ಮ ಮೈ ತಾನಾಗಿ ತಯಾರಿಸೋದಿಲ್ಲ, ಊಟದಿಂದಲೇ ಬರಬೇಕು. ಪಾಲಕ್, ಕೇಲ್‌ನಂಥ ಕಡು ಹಸಿರು ಸೊಪ್ಪಿನಲ್ಲಿ ಲ್ಯುಟೀನ್ ಜಾಸ್ತಿ. ಮೆಕ್ಕೆಜೋಳ, ಕಿತ್ತಳೆ ಬಣ್ಣದ ಕ್ಯಾಪ್ಸಿಕಂನಲ್ಲಿ ಝಿಯಾಕ್ಸಾಂಥಿನ್ ಸಿಗುತ್ತದೆ.

ತಿನ್ನೋ ರೀತಿಯೂ ಮುಖ್ಯ. ಕ್ಯಾರೆಟ್ ತುರಿದು ಒಂದು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಆಮೇಲೆ ಬಾಣಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿ. ಅಂಚಿಗೆ ಇಳಿದ ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಈ ಬಣ್ಣಗಳು ಕರಗೋದು ಜಿಡ್ಡಿನಲ್ಲಿ, ಅದಕ್ಕೇ ಸೊಪ್ಪನ್ನೂ ಸುಮ್ನೆ ನೀರಲ್ಲಿ ಬೇಯಿಸಿ ತಿನ್ನೋ ಬದಲು ಸ್ವಲ್ಪ ಎಣ್ಣೆ ಹಾಕಿ, ಇಲ್ಲವಾದರೆ ಜೊತೆಗೆ ಒಂದು ಹಿಡಿ ಬಾದಾಮಿ ತಿನ್ನಿ, ಅದರಲ್ಲಿ ವಿಟಮಿನ್ ಇ ಕೂಡ ಇದೆ. ಕ್ಯಾರೆಟ್‌ನ ಬೀಟಾ ಕ್ಯಾರೋಟಿನ್ ಮೈಯಲ್ಲಿ ವಿಟಮಿನ್ ಎ ಆಗುತ್ತದೆ. ಅದು ತೀರಾ ಕಡಿಮೆಯಾದರೆ ಇರುಳುಗಣ್ಣು ಬರುತ್ತದೆ. ಆದರೆ ಸಾಕಷ್ಟಿರುವವರು ಎಷ್ಟೇ ಕ್ಯಾರೆಟ್ ತಿಂದರೂ ಕನ್ನಡಕದ ನಂಬರ್ ಇಳಿಯೋದಿಲ್ಲ.

ಇನ್ನು ಬೆರ್ರಿ. ಬ್ಲೂಬೆರ್ರಿಯ ಕಡು ನೀಲಿಗೆ ಕಾರಣ ಆಂಥೋಸಯಾನಿನ್ ಅನ್ನೋ ಬಣ್ಣ, ಬ್ಲ್ಯಾಕ್‌ಕರೆಂಟ್‌ನಲ್ಲಿ ಅದರ ಜೊತೆ ವಿಟಮಿನ್ ಸಿ ಕೂಡ ಧಾರಾಳವಾಗಿದೆ. ತಿನ್ನಿ, ಫ್ರೀಜ್ ಮಾಡಿದ್ದಾದರೂ ಪರವಾಗಿಲ್ಲ. ಬಿಲ್‌ಬೆರ್ರಿ ತಿಂದರೆ ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ ಅನ್ನೋ ಮಾತಿಗೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಗೋಜಿ ಬೆರ್ರಿಯ ಮೇಲೆ ನನಗೆ ಸ್ವಲ್ಪ ಹೆಚ್ಚು ಭರವಸೆ. 2021ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 28 ಗ್ರಾಂ ಒಣ ಗೋಜಿಯನ್ನು ವಾರಕ್ಕೆ 5 ದಿನದಂತೆ 90 ದಿನ ತಿಂದವರ ಮ್ಯಾಕುಲಾದಲ್ಲಿ ಆ ಹಳದಿ ಬಣ್ಣ ಹೆಚ್ಚಿತ್ತು.

ರಕ್ತ ಹೆಪ್ಪುಗಟ್ಟದಂತೆ ಕೊಡೋ ವಾರ್ಫರಿನ್ ಮಾತ್ರೆ ತಗೊಳ್ಳುವವರು ಗೋಜಿ ತಿನ್ನೋಕೆ ಮುಂಚೆ, ಸೊಪ್ಪನ್ನು ಒಮ್ಮೆಲೇ ಹೆಚ್ಚಿಸೋಕೆ ಮುಂಚೆ ಡಾಕ್ಟರ್ ಹತ್ತಿರ ಕೇಳಲೇಬೇಕು. ಸಿಗರೇಟ್ ಸೇದುವವರು ಬೀಟಾ ಕ್ಯಾರೋಟಿನ್ ಮಾತ್ರೆ ಮುಟ್ಟಬೇಡಿ, ಅವರಲ್ಲಿ ಅದು ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತದೆ. ಕ್ಯಾರೆಟ್ ತಿನ್ನೋದಕ್ಕೆ ಏನೂ ಭಯ ಬೇಡ. ಮತ್ತೆ, ಬಾಗಿಲ ಚೌಕಟ್ಟಿನ ನೇರ ಗೆರೆ ಇದ್ದಕ್ಕಿದ್ದಂತೆ ಸೊಟ್ಟಗೆ ಕಂಡರೆ ಊಟದಲ್ಲಿ ಸರಿಮಾಡ್ತೀನಿ ಅಂತ ಕಾಯಬೇಡಿ, ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.